ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಲಾಳಿಯ ಸದ್ದು ತೆಳುವಾಗುವುದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಕೇಳುತ್ತಿತ್ತು. ಲಾಳಿಯ ಹೊಟ್ಟೆಯಲ್ಲಿರುವ ಕಂಡಿಕೆ ಎಂಬ ಸಣ್ಣ ಕೊಳವೆಯಲ್ಲಿ ನೂಲು ತುಂಬಿದ್ದಾಗ ಲಾಳಿ ಮಗ್ಗದ ಈ ಬದಿಯಿಂದ ಆ ಬದಿಗೆ ದಪ್ಪಗೆ ಬಡಿಯುತ್ತದೆ. ನೂಲು ತೀರುತ್ತ ಬಂದ ಹಾಗೆ ಸದ್ದು ಸಣ್ಣದಾಗುತ್ತದೆ. ಅವಳ ತಮ್ಮ ಮಗ್ಗ ನಿಲ್ಲಿಸಿ ಹಿಂದಕ್ಕೆ ಕೈ ಚಾಚುವ ಹೊತ್ತಿಗೆ ಹೊಸ ಕಂಡಿಕೆ ಅವನ ಅಂಗೈಯಲ್ಲಿ ಬಿದ್ದಿರುತ್ತಿತ್ತು. ಅವನು ತಿರುಗಿ ನೋಡುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಹಾಗೆ ನೋಡುವ ಅಗತ್ಯವೇ ಬಿದ್ದಿರಲಿಲ್ಲ.

ಅವಳನ್ನು ಬೀದಿಯೆಲ್ಲ ಕಂಡಿಕೆ ಅತ್ತೆ ಎನ್ನುತ್ತಿತ್ತು. ತಮ್ಮನ ಮಕ್ಕಳಿಗೆ ಅತ್ತೆ, ಹಾಗಾಗಿ ಬೀದಿಗೂ ಅತ್ತೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದವಳು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಆ ವಾರವೇ ಅಮ್ಮನ ಕಣ್ಣು ಮಂಜಾಗಿ ರಾಟೆ ಖಾಲಿ ಬಿದ್ದಿತ್ತು. ಮಾರನೆಯ ಬೆಳಿಗ್ಗೆ ಅವಳು ರಾಟೆಯ ಮುಂದೆ ಕೂತಳು. ಯಾವಾಗ ಹೋಗುತ್ತೀ ಎಂದೂ ಆಮೇಲೆ ಯಾರೂ ಕೇಳಲಿಲ್ಲ. ಮಗಳು ತವರಿಗೆ ಭಾರ ಎಂಬ ಮಾತು ಆ ಮನೆಯಲ್ಲಿ ಏಳದಿದ್ದುದಕ್ಕೆ ಕಾರಣ ಪ್ರೀತಿಯೋ ರಾಟೆಯೋ ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಾಳೆ. ಎರಡೂ ಇರಬಹುದು ಎಂಬಲ್ಲಿಗೆ ಬಿಟ್ಟಿದ್ದಾಳೆ.

ರಾಟೆ ಇದ್ದದ್ದು ಮಗ್ಗದ ಹಿಂದಿನ ಮೂಲೆಯಲ್ಲಿ. ಕೋಣೆಗೆ ಒಂದೇ ಕಿಟಕಿ, ಅದರ ಬೆಳಕೆಲ್ಲ ಮಗ್ಗಕ್ಕೆ. ಬೆಳಿಗ್ಗೆ ನೀರು ಹಿಡಿದು, ಗಂಜಿ ಕಾಯಿಸಿ, ತಮ್ಮನ ಹೆಂಡತಿಯ ಜೊತೆ ಒಂದು ಹೊತ್ತಿನ ಅಡುಗೆ ಮುಗಿಸಿ ಅವಳು ಆ ಮೂಲೆಗೆ ಬಂದು ಕೂರುತ್ತಿದ್ದಳು.

ನೂಲು ಬರುವುದು ಲಡಿಗಳಾಗಿ, ಎಂದರೆ ಸಡಿಲ ಸುರುಳಿಗಳಾಗಿ, ಬಣ್ಣದ ಮನೆಯಿಂದ, ಹದಿನೈದು ದಿನಕ್ಕೊಮ್ಮೆ ವ್ಯಾನಿನಲ್ಲಿ. ಬಣ್ಣದ ನೀರಿನಲ್ಲಿ ಎಳೆಗಳು ಸಿಕ್ಕಾಗದಿರಲಿ ಎಂದು ಪ್ರತಿ ಲಡಿಗೂ ನಾಲ್ಕು ಕಡೆ ತುಂಡು ದಾರ ಕಟ್ಟಿರುತ್ತಾರೆ. ಲಡಿಯಿಂದ ಕಂಡಿಕೆಗೆ ನೂಲು ಸುತ್ತುವ ಮೊದಲು ಆ ನಾಲ್ಕೂ ಕಟ್ಟು ತೆಗೆಯಬೇಕು. ಮೊದಲ ಒಂಬತ್ತು ವರ್ಷ ಅವಳು ಅವನ್ನು ಕತ್ತರಿಯಿಂದ ಕತ್ತರಿಸಿದ್ದಳು, ಕತ್ತರಿ ಅಡುಗೆಮನೆಯಲ್ಲಿ ಸಿಕ್ಕಿಕೊಂಡಿದ್ದಾಗ ಹಲ್ಲಿನಿಂದ. ಮೊನೆ ಒಂದಿಷ್ಟು ಜಾರಿದರೂ ನೂಲಿನ ಎಳೆಯೇ ತುಂಡು. ತುಂಡಾದ ತುದಿ ಹುಡುಕಿ ಜೋಡಿಸುವುದರಲ್ಲಿ ಅರ್ಧ ಬೆಳಿಗ್ಗೆ ಹೋಗುತ್ತಿತ್ತು.

ಹತ್ತನೆಯ ವರ್ಷ ಒಂದು ದಿನ ಕತ್ತರಿ ಹಿಡಿದು ಕೂತವಳ ಬೆರಳಿಗೆ ಕಟ್ಟು ದಾರದ ತುದಿ ಸಿಕ್ಕಿತು. ಸುಮ್ಮನೆ ಎಳೆದಳು. ಗಂಟು ಬಿಚ್ಚಿಕೊಂಡಿತು. ಎರಡನೆಯದೂ ಹಾಗೆಯೇ, ಒಂದೇ ಎಳೆತಕ್ಕೆ. ಮೂಟೆಯ ಎಲ್ಲ ಲಡಿಗಳೂ ಹಾಗೆಯೇ. ಅವತ್ತು ಕತ್ತರಿ ಅಡುಗೆಮನೆಗೆ ವಾಪಸ್ ಹೋಯಿತು. ಅಲ್ಲಿ, ತಾನು ಕಾಣದ ಒಂದು ಮನೆಯಲ್ಲಿ, ಯಾರೋ ಒಬ್ಬರು ಕಟ್ಟುವಾಗ ತನ್ನನ್ನು ನೆನೆದಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಅವಳನ್ನು ಕೆಲಸದ ನಡುವೆ ನೆನೆಯುವವರು ಬೇರೆ ಯಾರೂ ಇರಲಿಲ್ಲ, ಕೆಲಸಕ್ಕಾಗಿ ನೆನೆಯುವವರಿದ್ದರು.

ಯಾರು ಕಟ್ಟುವುದು ಎಂದು ವ್ಯಾನಿನ ಡ್ರೈವರನ್ನು ಕೇಳಿದ್ದಳು. "ನಾನು ಮೂಟೆ ಎತ್ತೋನು ಅತ್ತೆ, ಬಿಚ್ಚಿ ನೋಡೋನಲ್ಲ" ಎಂದಿದ್ದ.

ಹೀಗೆ ಇಪ್ಪತ್ತೆರಡು ವರ್ಷ. ಮೂರು ತಿಂಗಳ ಹಿಂದೆ ಗಂಟು ಬದಲಾಯಿತು. ಎಳೆದರೆ ಇನ್ನೂ ಬಿಗಿಯುವ, ಎರಡು ಸುತ್ತಿನ ಕುರುಡು ಗಂಟು. ಆ ಮೂಟೆಯ ತಳದಲ್ಲಿ ಹಳೆಯ ಗಂಟಿನ ಒಂದೇ ಒಂದು ಲಡಿ ಇತ್ತು. ಅದನ್ನು ಬಿಚ್ಚದೆ ತನ್ನ ಟ್ರಂಕಿನಲ್ಲಿಟ್ಟಳು. ಕತ್ತರಿ ಮತ್ತೆ ಮೂಲೆಗೆ ಬಂತು.

"ಅಲ್ಲಿ ಯಾರಾದ್ರೂ ತೀರಿಕೊಂಡ್ರಾ?" ಡ್ರೈವರನ್ನು ಕೇಳಿದಳು.

"ತೀರಿಕೊಂಡಿದ್ರೆ ಬಾಗಿಲು ಹಾಕಿರ್ತಿದ್ರು. ತೆರೆದೇ ಇತ್ತು."

"ಎಲ್ಲರಿಗೂ ಬಾಗಿಲು ಹಾಕಲ್ಲ ಕಣಪ್ಪ" ಎಂದಳು ಅತ್ತೆ.

ನಿಧಾನದವರು ಬಂದದ್ದು ಆ ದಿನಗಳಲ್ಲಿ. ಹೆಸರಿಟ್ಟದ್ದು ಬೀದಿ. ನಾನಾ ಊರಿನ ಹನ್ನೊಂದು ಜನ. ಕಾಗದ ಮಾಡುವವರ ಮನೆ, ಕುಂಬಾರರ ಮನೆ, ನೇಕಾರರ ಮನೆ, ಬಣ್ಣದ ಮನೆ ಎಂದು ಇಪ್ಪತ್ತು ದಿನ ನಡೆದುಕೊಂಡೇ ಹೋಗುವವರು. ವ್ಯಾನಿನಲ್ಲಿ ಎರಡು ಗಂಟೆಯ ದಾರಿಗೆ ಮೂರು ದಿನ. ಪ್ರತಿ ಮನೆಯಲ್ಲೂ ಎರಡು ದಿನ ಉಳಿದು ಕೈಕೆಲಸ ಕಲಿಯುವುದು, ಮಧ್ಯಾಹ್ನದವರೆಗೆ ಮಾತಾಡದಿರುವುದು, ಮಾಡುವ ಕೆಲಸದಲ್ಲೇ ಮನಸ್ಸು ಇಡುವುದು ಅವರ ಕಟ್ಟಳೆ. ಮುಂದಾಳು ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಗಸು. ಅವಳ ಹತ್ತಿರ ಸಣ್ಣದೊಂದು ಹಿತ್ತಾಳೆ ಗಂಟೆ. ಅದನ್ನು ಬಾರಿಸಿದಾಗ ಎಲ್ಲರೂ ಇದ್ದಲ್ಲೇ ನಿಂತು ಮೂರು ಉಸಿರು ಗಮನಿಸಬೇಕು. ಮೊದಲ ಬೆಳಿಗ್ಗೆಯೇ ಹಾಲು ಕಾಯಿಸುತ್ತಿದ್ದ ಇಬ್ಬರು ಗಂಟೆ ಕೇಳಿ ಕಣ್ಣು ಮುಚ್ಚಿದರು. ಹಾಲು ಉಕ್ಕಿ ಒಲೆ ಆರಿತು.

"ಗಂಟೆ ಹೊಡೆದದ್ದು ಹಾಲಿಗೂ ಕೇಳಿಸಬೇಕಿತ್ತು" ಎಂದಳು ತಮ್ಮನ ಹೆಂಡತಿ, ಒಲೆ ಒರೆಸಲು ಬಟ್ಟೆ ತೆಗೆದುಕೊಳ್ಳುತ್ತ. ಮುಂದಾಳು ಬಟ್ಟೆಯನ್ನು ಅವಳ ಕೈಯಿಂದ ಇಸಿದುಕೊಂಡು ತಾನೇ ಒರೆಸಿದಳು. ಅದನ್ನು ಅತ್ತೆ ನೋಡಿದಳು.

ಎಲ್ಲರೂ ಮಗ್ಗದ ಸುತ್ತ ಕೂತರು. ಒಬ್ಬ ಮುದುಕ ಹಲ್ಲಿನ ಡಾಕ್ಟರು ಮಾತ್ರ ಮಂಡಿ ಮಡಚಲಾರದೆ ರಾಟೆಯ ಪಕ್ಕದ ಸ್ಟೂಲಿನ ಮೇಲೆ ಕೂತ. ಮಧ್ಯಾಹ್ನ ಮೌನ ಮುಗಿದದ್ದೇ ಕೇಳಿದ: "ಅವರು ನಿಮ್ಮನ್ನ ಕರೀಲೇ ಇಲ್ಲ. ಕಂಡಿಕೆ ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಲಾಳಿ ಹೇಳುತ್ತಲ್ಲ. ಕೇಳಿಸಲಿಲ್ವಾ?"

"ಇಲ್ಲ."

"ನೀವು ನಿಮ್ಮ ಉಸಿರು ಕೇಳ್ತಾ ಇದ್ರಿ."

ಡಾಕ್ಟರು ನಕ್ಕ. ಮತ್ತೇನು ಗೊತ್ತು ನಿಮಗೆ ಎಂದು ಕೇಳಿದ. ಹಾಗೆ ಯಾರೂ ಕೇಳಿರಲಿಲ್ಲವಾದ್ದರಿಂದ ಅವಳು ಎದ್ದು ಹೋಗಿ ಟ್ರಂಕಿನಿಂದ ಲಡಿ ತಂದು ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ಗಂಟನ್ನು ಹುಳುಕು ಹಲ್ಲು ನೋಡುವವನ ಹಾಗೆ ಎಲ್ಲ ಕಡೆಯಿಂದ ನೋಡಿದ.

"ಯಾರ ಕೈ ಇದು?"

"ಅದೇ ಗೊತ್ತಿಲ್ಲ. ಬಣ್ಣದ ಮನೇಲಿ ಯಾರೋ. ಇದಾರೋ ಇಲ್ವೋ, ಅದೂ ಗೊತ್ತಿಲ್ಲ."

"ನಾಡಿದ್ದು ನಾವು ಅಲ್ಲಿಗೇ ಹೊರಡೋದು. ಬಂದ್ಬಿಡಿ."

ಕುಂಬಾರರ ಮನೆಯಲ್ಲಿ ಒಬ್ಬಳ ಕಾಲು ಉಳುಕಿ ಅವಳು ಊರಿಗೆ ಮರಳಿದ್ದರಿಂದ ಗುಂಪಿನಲ್ಲಿ ಒಂದು ಜಾಗ ಖಾಲಿ ಇತ್ತು. ಮುಂದಾಳು ಒಂದು ಕ್ಷಣ ಯೋಚಿಸಿ, "ಬನ್ನಿ, ಅಡುಗೆಗೂ ಒಂದು ಪಳಗಿದ ಕೈ ಸಿಕ್ಕಿದ ಹಾಗಾಗುತ್ತೆ" ಎಂದಳು.

"ಅಡುಗೆ ಮಾಡೋದಾದ್ರೆ ಇಲ್ಲೇ ಇರ್ತೀನಿ, ಇಲ್ಲೂ ಒಲೆ ಇದೆ" ಎಂದಳು ಅತ್ತೆ. "ನಡೆಯೋಕೆ ಕರೆದ್ರೆ ಬರ್ತೀನಿ."

ಮುಂದಾಳುವಿನ ಮುಖ ಕೆಂಪಾಯಿತು. "ತಪ್ಪಾಯ್ತು. ನಡೆಯೋಕೆ ಬನ್ನಿ."

ಮನೆಯಲ್ಲಿ ಮಾತು ಅಷ್ಟು ಬೇಗ ಮುಗಿಯಲಿಲ್ಲ.

"ಒಂದು ಗಂಟು ನೋಡೋಕೆ ಮೂರು ದಿನ ನಡೀತೀಯಾ ಅಕ್ಕ?" ಎಂದ ತಮ್ಮ. "ಆ ಮಂದಿಗೇನು, ಮನೇಲಿ ಕೆಲಸ ಇಲ್ಲ."

"ಅವರಿಗೂ ಇರುತ್ತೆ. ಯಾರ ಮೇಲೋ ಹಾಕಿ ಬಂದಿರ್ತಾರೆ. ನಾನೂ ಹಾಕಿ ಹೋಗ್ತೀನಿ."

"ಯಾರ ಮೇಲೆ?"

"ನಿನ್ನ ಮೇಲೆ."

ತಮ್ಮ ಹೆಂಡತಿಯ ಕಡೆ ನೋಡಿದ. "ನನ್ನ ನೋಡ್ಬೇಡಿ" ಎಂದಳು ಅವಳು. "ನಂಗಿರೋದು ಎರಡೇ ಕೈ. ಅತ್ತಿಗೆ ಹೋದ್ರೆ ಅವೆರಡೂ ಒಲೆ ಮುಂದೇನೇ."

ಮನೆಯಲ್ಲಿದ್ದದ್ದು ಅರವತ್ತು ಕಂಡಿಕೆ. ಅತ್ತೆ ಎರಡು ದಿನ ಕೂತು ಅರವತ್ತನ್ನೂ ತುಂಬಿಸಿ ಬುಟ್ಟಿಯಲ್ಲಿ ಸಾಲಾಗಿ ಇಟ್ಟಳು. "ಎರಡೂವರೆ ದಿನಕ್ಕೆ ಸಾಕು. ಆಮೇಲೆ ನೀನೇ ಸುತ್ಕೋ. ನೂಲು ಒದ್ದೆ ಮಾಡ್ಕೊಂಡು ಸುತ್ತು, ಬೆರಳಲ್ಲಿ ಬಿಗಿ ಹಿಡಿ. ಸಡಿಲ ಸುತ್ತಿದ್ರೆ ಬಟ್ಟೆ ಹೇಳಿಬಿಡುತ್ತೆ."

"ನಂಗೆ ಗೊತ್ತಿಲ್ವಾ" ಎಂದ ತಮ್ಮ.

ಅವನಿಗೆ ಗೊತ್ತಿರಲಿಲ್ಲ, ಆದರೆ ಅದು ಆಮೇಲಿನ ಮಾತು.

ಲಡಿಯನ್ನು ಬಟ್ಟೆಯಲ್ಲಿ ಸುತ್ತಿ ಹೆಗಲ ಚೀಲಕ್ಕೆ ಹಾಕಿಕೊಂಡು ಅವಳು ನಡೆದಳು. ಮೊದಲ ದಿನ ಅವಳಿಗೆ ತೊಂದರೆ ಕೊಟ್ಟದ್ದು ಕಾಲಲ್ಲ, ಕೈ. ಸೊಂಟದ ಮೇಲೆ ಕೊಡವಿಲ್ಲದೆ, ಕಂಕುಳಲ್ಲಿ ಗಂಟಿಲ್ಲದೆ ಅಷ್ಟು ದೂರ ಅವಳು ನಡೆದೇ ಇರಲಿಲ್ಲ. ಬರಿಗೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಧ್ಯಾಹ್ನ ಒಬ್ಬಳು ಬಟ್ಟಲಿಗೆ ಊಟ ಬಡಿಸಲು ಬಂದಾಗ ಎದ್ದು ನಿಂತುಬಿಟ್ಟಳು. ಕೂರಿ ಎಂದರು. ಎರಡನೆಯ ಸಲ ಬಡಿಸಲು ಬಂದಾಗ ಮತ್ತೆ ಎದ್ದಳು. ತನ್ನ ಬಟ್ಟಲು ತೊಳೆದ ಮೇಲೆ ಅವಳ ಕೈ ತಾನಾಗಿ ಪಕ್ಕದ ಬಟ್ಟಲಿಗೆ ಹೋಯಿತು. ಡಾಕ್ಟರು ತನ್ನದನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಇದು ನಂದು. ತೊಳೆಯೋದು ಈಗಷ್ಟೇ ಕಲೀತಾ ಇದೀನಿ, ತಪ್ಪಿಸ್ಬೇಡಿ" ಎಂದ.

"ಎಪ್ಪತ್ತಕ್ಕಾ?"

"ಅರವತ್ತೊಂಬತ್ತು."

"ಹಾಗಾದ್ರೆ ಬೇಗ್ನೇ ಕಲೀತಿದೀರಿ ಬಿಡಿ."

ಸಂಜೆ ಮರದ ಕೆಳಗೆ ಕೂತು ಎಲ್ಲರೂ ಕಣ್ಣು ಮುಚ್ಚಿದರು. ಉಸಿರು ಗಮನಿಸಿ ಎಂದರು. ಅವಳು ರಾಟೆಯ ಸುತ್ತು ಎಣಿಸಿದಳು. ಮುಗಿದ ಮೇಲೆ ಮುಂದಾಳು ಏನು ಕಂಡಿರಿ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬಳಿಗೆ ಶಾಂತಿ ಕಂಡಿತ್ತು, ಒಬ್ಬನಿಗೆ ತನ್ನ ಕೋಪ. "ಒಂದು ಕಂಡಿಕೆ ತುಂಬ್ತು" ಎಂದಳು ಅತ್ತೆ.

ಆದರೆ ಮೂರನೆಯ ದಿನ ಒಂದು ವಿಚಿತ್ರ ಅವಳ ಗಮನಕ್ಕೆ ಬಂತು. ದಾರಿಯುದ್ದಕ್ಕೂ ತನ್ನ ಕಿವಿ ಹಿಂದಕ್ಕೆ ಚಾಚಿಕೊಂಡಿದೆ. ಯಾವುದೋ ಸದ್ದು ತೆಳುವಾಗುವುದನ್ನು ಕಾಯುತ್ತಿದೆ. ಮನೆಯಲ್ಲಿ ಮಲಗಿದ್ದಾಗಲೂ ಅದು ಹಾಗೆಯೇ ಇದ್ದಿರಬೇಕು; ನಿಂತಾಗಲೇ ಅಲ್ಲವೇ ಇಷ್ಟು ಹೊತ್ತು ಓಡುತ್ತಿದ್ದೆವೆಂದು ತಿಳಿಯುವುದು. ಆ ಮಧ್ಯಾಹ್ನ ಕಿವಿ ಕಾಯುವುದನ್ನು ಬಿಟ್ಟಿತು. ಆಗ ಖಾಲಿಯಾದ ಜಾಗಕ್ಕೆ ಒಂದೇ ಪ್ರಶ್ನೆ ಬಂದು ಕೂತಿತು: ಕಟ್ಟಿದವರು ಸತ್ತಿದ್ದರೆ ಈ ಲಡಿಯನ್ನು ಯಾರಿಗೆ ತೋರಿಸುವುದು?

ಬಣ್ಣದ ಮನೆಯ ಯಜಮಾನನ ಕೈಗಳು ಮೊಣಕೈವರೆಗೆ ನೀಲಿ. ಅವನು ಹಂಡೆಗಳ ನಡುವೆ ನಿಂತು ಎಲೆ, ತೊಗಟೆ, ಬೇರುಗಳ ಬಗ್ಗೆ ಚೆನ್ನಾಗಿ ಮಾತಾಡಿದ. ಹದಿನೈದು ವರ್ಷದ ಹಿಂದೆ ತಂದ ದೊಡ್ಡ ಹಂಡೆ ತೋರಿಸಿದ. ಅದರಲ್ಲಿ ಲಡಿಗಳು ಕೋಲಿನ ಮೇಲೆ ತಾವಾಗಿ ತಿರುಗುತ್ತವೆ. ಎಲ್ಲರೂ ಬಣ್ಣದ ಬಗ್ಗೆ ಕೇಳಿದರು.

"ಲಡಿ ಕಟ್ಟೋದು ಎಲ್ಲಿ?" ಎಂದಳು ಅತ್ತೆ.

"ಅದಾ? ಅದು ಒಳಗೆ ಆಗುತ್ತೆ."

"ಯಾರು ಕಟ್ಟೋದು?"

"ಒಳಗಿನವರು" ಎಂದ ಯಜಮಾನ.

ಅವಳು ಒಳಗೆ ಹೋದಳು. ಅಡುಗೆಮನೆ ದಾಟಿದರೆ ಹಿಂದಿನ ಜಗಲಿ. ಅಲ್ಲಿ ಯಜಮಾನನ ಸೊಸೆ ಬಿಳಿಯ ಲಡಿಗಳ ರಾಶಿಯ ಮುಂದೆ ಕೂತು ಕುರುಡು ಗಂಟು ಹಾಕುತ್ತಿದ್ದಳು. ಪಕ್ಕದಲ್ಲಿ ಹೊಸದಾಗಿ ಹೊಸೆದ ಕಟ್ಟು ದಾರದ ಉಂಡೆ.

"ಇದನ್ನ ಕಟ್ಟೋದು ನೀನೇನಾ?"

"ಮೂರು ತಿಂಗಳಿಂದ. ಮುಂಚೆ ದೊಡ್ಡಮ್ಮ ಕಟ್ತಿದ್ರು."

ಅತ್ತೆ ಚೀಲವನ್ನು ಎದೆಗೆ ಒತ್ತಿ ಹಿಡಿದಳು. "ಅವರು ಈಗ..."

"ನಿಮ್ಮ ಹಿಂದೇನೇ ಇದಾರಲ್ಲ" ಎಂದಳು ಸೊಸೆ.

ಬಾಗಿಲ ಮರೆಯಲ್ಲಿ ತಗ್ಗು ಕುರ್ಚಿಯ ಮೇಲೆ ಒಬ್ಬ ಮುದುಕಿ. ಯಜಮಾನನ ತಾಯಿಯ ಅಕ್ಕ. ಕಣ್ಣು ಚುರುಕಾಗಿತ್ತು, ಮಡಿಲಲ್ಲಿಟ್ಟ ಎರಡು ಕೈಗಳ ಬೆರಳುಗಳು ಮಾತ್ರ ಒಣಶುಂಠಿಯ ಹಾಗೆ ಮಡಚಿ ಗಟ್ಟಿಯಾಗಿದ್ದವು. ಅತ್ತೆ ಅವಳ ಮುಂದೆ ಕೂತು ಬಟ್ಟೆ ಬಿಚ್ಚಿ ಲಡಿ ತೋರಿಸಿದಳು.

"ನಾನು ನೇಕಾರರ ಮನೆಯವಳು. ಇಪ್ಪತ್ತೆರಡು ವರ್ಷ ನೀವು ಕಟ್ಟಿದ್ದನ್ನ ಬಿಚ್ಚಿದೀನಿ. ಬಿಚ್ಚೋರಿಗೆ ಸುಲಭ ಆಗ್ಲಿ ಅಂತ ಹಿಂಗೆ ಕಟ್ಟಿದ್ರಲ್ಲ, ಯಾರು ಅಂತ ನೋಡೋಕೆ ಬಂದೆ."

ದೊಡ್ಡಮ್ಮ ಗಂಟನ್ನೂ ಅವಳನ್ನೂ ನೋಡಿದಳು. "ಬಿಚ್ಚೋರಿಗಾ? ಬಿಚ್ಚೋರು ಅಂತ ಒಬ್ರಿದಾರೆ ಅನ್ನೋದೇ ನಂಗೆ ಹೊಳೆದಿರ್ಲಿಲ್ಲ ಕಣಮ್ಮ."

ಮೂರು ದಿನದ ನಡಿಗೆ ಒಮ್ಮೆಗೇ ಅತ್ತೆಯ ಕಾಲಿಗೆ ಇಳಿಯಿತು.

"ಆಗ ಸಣ್ಣ ಹಂಡೆ" ಎಂದಳು ದೊಡ್ಡಮ್ಮ. "ಕಟ್ಟಿದ ಜಾಗದಲ್ಲಿ ಬಣ್ಣ ಹತ್ತದೆ ಬಿಳಿ ಉಳೀತಿತ್ತು. ನಡುವೆ ಬಿಚ್ಚಿ, ಸರಿಸಿ, ಮತ್ತೆ ಕಟ್ಟಬೇಕು. ಒದ್ದೆ ಕುರುಡು ಗಂಟು ದೇವರಪ್ಪ ಬಂದ್ರೂ ಬಿಚ್ಚಲ್ಲ. ನನ್ನ ಉಗುರು ಕಿತ್ತುಹೋಗಿತ್ತು. ಅದಕ್ಕೇ ಒಂದು ದಿನ ಹಿಂಗೆ ಕಟ್ಟಿ ನೋಡ್ದೆ."

ಅತ್ತೆಯ ಮನಸ್ಸು ಕುಗ್ಗಿದ್ದರೂ ಕುತೂಹಲ ಕುಗ್ಗಲಿಲ್ಲ. "ದೊಡ್ಡ ಹಂಡೆ ಬಂದು ಹದಿನೈದು ವರ್ಷ ಆಯ್ತಂತೆ. ಅದರಲ್ಲಿ ಬಿಚ್ಚಿ ಕಟ್ಟೋ ಕೆಲಸ ಇಲ್ಲ. ಆಮೇಲೂ ಯಾಕೆ ಹಂಗೇ ಕಟ್ಟಿದ್ರಿ?"

"ದಾರ ವಾಪಸ್ ಬರ್ತಿತ್ತಲ್ಲ."

"ಯಾವ ದಾರ?"

"ಕಟ್ಟಿದ ದಾರ. ವ್ಯಾನಲ್ಲಿ ವಾಪಸ್ ಬರೋ ಖಾಲಿ ಚೀಲದೊಳಗೆ, ತುಂಡಾಗದೆ, ಹಾಗ್ಹಾಗೇ. ಮುಂಚೆ ಎಲ್ಲರ ಊಟ ಆದ್ಮೇಲೆ ಕೂತು ದಾರ ಹೊಸೀಬೇಕಿತ್ತು ನಾನು. ಅದು ತಪ್ತು. ಯಾರೋ ಪುಣ್ಯಾತ್ಮಳು ನನ್ನ ಸಂಜೆ ನನಗೆ ಉಳಿಸ್ತಿದಾಳೆ ಅಂದ್ಕೊಂಡೆ. ಗಂಟು ಬದಲಾಯಿಸಿದ್ರೆ ಅದು ನಿಂತೋಗುತ್ತೇನೋ ಅಂತ ಹಂಗೇ ಕಟ್ದೆ." ಅವಳು ಮುಂದಕ್ಕೆ ಬಾಗಿದಳು. "ಕಳಿಸ್ತಿದ್ದೋಳು ನೀನೇನಾ?"

ಅತ್ತೆ ಸುಳ್ಳು ಹೇಳಬಹುದಿತ್ತು. "ನಾನೇ. ಆದ್ರೆ ನಿಮಗೆ ಅಂತ ಅಲ್ಲ. ಒಳ್ಳೇ ದಾರ, ಎಸೆಯೋಕೆ ಮನಸ್ಸು ಬರ್ಲಿಲ್ಲ. ಮನೇಲಿಟ್ರೆ ತಮ್ಮನ ಹೆಂಡ್ತಿ ಕಸ ಅಂತಾಳೆ. ಖಾಲಿ ಚೀಲಕ್ಕೆ ತುರುಕ್ದೆ, ಅಷ್ಟೇ."

"ಅಂದ್ರೆ ನೀನೂ ನನ್ನ ನೆನೆಸ್ಕೊಂಡಿರ್ಲಿಲ್ಲ."

"ಇಲ್ಲ."

"ಒಳ್ಳೇದಾಯ್ತು ಬಿಡು. ಯಾರಿಗೂ ಯಾರ ಹಂಗಿಲ್ಲ" ಎಂದು ದೊಡ್ಡಮ್ಮ ನಗತೊಡಗಿದಳು. ಅವಳ ಭುಜ ಕುಣಿಯುವುದನ್ನು ನೋಡಿ ಅತ್ತೆಗೂ ತಡೆಯಲಾಗಲಿಲ್ಲ.

ನಗದಿದ್ದವಳು ಸೊಸೆ ಒಬ್ಬಳೇ. ಅವಳು ಕೈಯಲ್ಲಿದ್ದ ಲಡಿಯನ್ನು ಕೆಳಗಿಟ್ಟಳು. "ಹಾಗಾದ್ರೆ ಮೂರು ತಿಂಗಳಿಂದ ನಾನು ದಿನಾ ಸಂಜೆ ದಾರ ಹೊಸೀತಿರೋದು ಈ ಗಂಟು ಬಾರದೇ ಇದ್ದದ್ದಕ್ಕಾ? ಎಷ್ಟು ಸಲ ಕೇಳ್ದೆ ದೊಡ್ಡಮ್ಮ, ಹೇಗೆ ಕಟ್ತಿದ್ರಿ ಅಂತ. ಹಿಂಗೆ ಅಂತೀರಿ. ಬೆರಳು ಅಲ್ಲಾಡಲ್ಲ."

"ಕೈಗೆ ಗೊತ್ತಿತ್ತು ಕಣೆ" ಎಂದಳು ದೊಡ್ಡಮ್ಮ. "ಬಾಯಿಗೆ ಅದು ಯಾವತ್ತೂ ಹೇಳಿಕೊಡಲಿಲ್ಲ."

ಇಬ್ಬರೂ ಅತ್ತೆಯ ಕಡೆ ನೋಡಿದರು. ಅವಳೂ ಆ ಗಂಟನ್ನು ಯಾವತ್ತೂ ಕಟ್ಟಿರಲಿಲ್ಲ. ಬಿಚ್ಚಿದ್ದಳು, ಲೆಕ್ಕ ತಪ್ಪುವಷ್ಟು ಸಲ. ನಿಧಾನಕ್ಕೆ ಬಿಚ್ಚಿದರೆ ಕಟ್ಟಿದ ದಾರಿ ಕಾಣಬಹುದು. ಲಡಿಯಲ್ಲಿ ನಾಲ್ಕು ಗಂಟು ಉಳಿದಿದ್ದವು, ಲೋಕದಲ್ಲಿ ಇದ್ದದ್ದೇ ಆ ನಾಲ್ಕು.

ಮಾರನೆಯ ಬೆಳಿಗ್ಗೆ ನಿಧಾನದವರೆಲ್ಲ ಹಿಂದಿನ ಜಗಲಿಯಲ್ಲಿ ಮಾತಿಲ್ಲದೆ ಕೂತರು. ಅತ್ತೆ ಲಡಿಯನ್ನು ಮಡಿಲಿಗೆ ಹಾಕಿಕೊಂಡು ಮೊದಲ ಗಂಟಿನ ತುದಿ ಹಿಡಿದಳು. ಕಣ್ಣಿಗೆ ಏನೂ ಕಾಣುವ ಮೊದಲೇ ಅದು ಬಿಚ್ಚಿಹೋಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ಎಳೆದೇಬಿಟ್ಟಿತ್ತು.

ಯಾರೂ ಉಸಿರಾಡಲಿಲ್ಲ. ಅಂಥ ಹೊತ್ತಿನಲ್ಲೂ ಉಸಿರು ಗಮನಿಸಿದವರು ಯಾರಾದರೂ ಇದ್ದರೋ ತಿಳಿಯದು.

ಅತ್ತೆ ಮುಂದಾಳುವನ್ನು ಹತ್ತಿರ ಕರೆದಳು. "ನಿಮ್ಮ ಗಂಟೆ ತನ್ನಿ. ನನ್ನ ಕೈ ಎಳೆಯೋಕೆ ಹೊರಟಾಗ ಹೊಡೀರಿ."

ಮುಂದಾಳು ಎದುರು ಕೂತು, ರೋಗಿಯ ನಾಡಿ ನೋಡುವವಳ ಹಾಗೆ ಆ ಬೆರಳುಗಳನ್ನೇ ನೋಡಿದಳು. ಎರಡನೆಯ ಗಂಟಿಗೆ ಏಳು ಸಲ ಗಂಟೆ ಬಾರಿಸಿದಳು. ಪ್ರತಿ ಸಲವೂ ಕೈ ಗಾಳಿಯಲ್ಲಿ ನಿಂತಿತು. ಒಂದು ಕುಣಿಕೆ ಇದೆ, ಅದರೊಳಗೆ ದಾರ ಮಡಚಿ ತೂರಿದೆ; ಅಷ್ಟು ಕಂಡಿತು, ಯಾವ ತುದಿ ಮೊದಲು ಎಂಬುದು ತಪ್ಪಿಹೋಯಿತು. ಮೂರನೆಯದರಲ್ಲಿ ಅದೂ ಕಂಡಿತು. ಅವಳು ಅದೇ ದಾರವನ್ನು ತಿರುಗಿ ಕಟ್ಟಿದಳು, ಎಳೆದಳು, ಬಿಗಿಯಿತು. ಮತ್ತೆ ಕಟ್ಟಿದಳು.

"ಎಡಗೈ" ಎಂದಳು ದೊಡ್ಡಮ್ಮ. ಮೌನದ ಕಟ್ಟಳೆ ಮನೆಯವರಿಗೆ ಇರಲಿಲ್ಲ. "ನಾನು ಎಡಚಿ. ಎಡಗೈಲಿ ಮಡಚು."

ಎಡಗೈಯಲ್ಲಿ ಮಡಚಿದಾಗ ಗಂಟು ಕೂತಿತು. ದೊಡ್ಡಮ್ಮ ಮಡಚಿದ ಬೆರಳಿನ ನಡುವೆ ತುದಿ ಸಿಕ್ಕಿಸಿಕೊಂಡು ತಾನೇ ಎಳೆದಳು. ಬಿಚ್ಚಿತು. ತಾನು ಕಟ್ಟುತ್ತಿದ್ದ ಗಂಟನ್ನು ಒಣ ದಾರದಲ್ಲಿ ಅವಳು ಬಿಚ್ಚಿ ನೋಡಿದ್ದು ಅದೇ ಮೊದಲಿರಬೇಕು. "ಸುಲಭ ಇದೆಯಲ್ಲೇ" ಎಂದಳು.

ಸೊಸೆ ಮಧ್ಯಾಹ್ನದೊಳಗೆ ಕಲಿತಳು. ನಾಲ್ಕನೆಯ ಗಂಟನ್ನು ಬಿಚ್ಚಲಿಲ್ಲ. ಮರೆತರೆ ನೋಡಿಕೊಳ್ಳಲು ಇರಲಿ ಎಂದು ಲಡಿಯನ್ನು ಜಗಲಿಯ ಮೊಳೆಗೆ ನೇತುಹಾಕಿದರು.

ಅತ್ತೆ ವಾಪಸಾದದ್ದು ನೂಲಿನ ವ್ಯಾನಿನಲ್ಲಿ. "ಸಿಕ್ಕಿದ್ರಾ?" ಎಂದ ಡ್ರೈವರ್.

"ಸಿಕ್ಕಿದ್ರು. ಇಷ್ಟು ವರ್ಷ ಅವರ ಮುಂದೇನೇ ಮೂಟೆ ಎತ್ತಿದೀಯ ನೀನು."

ಮನೆಯಲ್ಲಿ ರಾಟೆ ಮೂಲೆಯಲ್ಲಿರಲಿಲ್ಲ. ಕಿಟಕಿಯ ಕೆಳಗಿತ್ತು.

"ಆ ಮೂಲೇಲಿ ಏನೂ ಕಾಣಲ್ಲ ಅಕ್ಕ" ಎಂದ ತಮ್ಮ, ಮಗ್ಗದಿಂದ ತಲೆ ಎತ್ತದೆ.

"ಹೌದಾ" ಎಂದಳು ಅತ್ತೆ.

ಮಗ್ಗದ ಮೇಲಿನ ಬಟ್ಟೆಯಲ್ಲಿ ಅವಳು ತುಂಬಿಸಿಟ್ಟ ಕಂಡಿಕೆಗಳು ಮುಗಿದ ಕಡೆಯಿಂದ ನಾಲ್ಕು ಮೊಳ ಸಡಿಲ, ಅಲ್ಲಲ್ಲಿ ಗುಳಿ. ಬಟ್ಟೆ ಹೇಳಿಬಿಟ್ಟ ಮೇಲೆ ಅವಳು ಹೇಳುವುದೇನೂ ಉಳಿದಿರಲಿಲ್ಲ. ಕಿಟಕಿಯಿಂದ ಮಗ್ಗಕ್ಕೆ ಕೈ ಎಟಕುವುದಿಲ್ಲ. ಕಂಡಿಕೆ ಬೇಕಾದಾಗ ಈಗ ತಮ್ಮನೇ ಎದ್ದು ಬರಬೇಕು. ಅದನ್ನು ಅವನು ರಾಟೆ ಸರಿಸುವಾಗ ಯೋಚಿಸಿರಲಿಲ್ಲ. ಆಮೇಲೆ ಯೋಚಿಸಿದ್ದರೂ ಹಿಂದಕ್ಕೆ ಸರಿಸಲಿಲ್ಲ.

ಹದಿನೈದು ದಿನದ ಮೇಲೆ ಮೂಟೆ ಬಂತು. ಅವಳು ಕಿಟಕಿಯ ಬೆಳಕಿಗೆ ಲಡಿ ಹಿಡಿದು, ಹಳೆಯ ರೂಢಿಯಂತೆ ತುದಿ ಎಳೆದಳು. ಗಂಟು ಬಿಗಿಯಿತು. ಎರಡನೆಯದೂ ಬಿಗಿಯಿತು. ತಮ್ಮನ ಹೆಂಡತಿ ಕತ್ತರಿ ತರಲೇ ಎಂದಳು. ಅತ್ತೆ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಗಂಟನ್ನು ನೋಡಿದಳು. ಅದೇ ಕುಣಿಕೆ, ಅದೇ ಮಡಿಕೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ. ಸೊಸೆ ಬಲಗೈಯವಳು. ಅತ್ತೆ ಇನ್ನೊಂದು ತುದಿ ಹಿಡಿದು ಎಳೆದಳು. ಬಿಚ್ಚಿತು.

ಸಂಜೆಯ ಹೊತ್ತಿಗೆ ಕೈಗೆ ಹೊಸ ಬದಿ ಒಗ್ಗಿತ್ತು. ಬಿಚ್ಚಿದ ದಾರಗಳನ್ನು ಅವಳು ಮುಂಚೆ ಮುದ್ದೆ ಮಾಡಿ ಚೀಲಕ್ಕೆ ತುರುಕುತ್ತಿದ್ದಳು. ಈ ಸಲ ಒಂದೊಂದನ್ನೇ ತೊಡೆಯ ಮೇಲೆ ನೇರ ಮಾಡಿ, ಎಲ್ಲ ತುದಿಗಳೂ ಒಂದೇ ಕಡೆ ಬರುವ ಹಾಗೆ ಜೋಡಿಸಿ, ಖಾಲಿ ಚೀಲದ ತಳದಲ್ಲಿ ಇಟ್ಟಳು.